ಎಂ.ಎ. ಓದಿ ರಿಕ್ಷಾ ಎಳೆದವರು

ಮೂವತ್ತೆಂಟು ವರ್ಷದ ಒಬ್ಬರ ಬಯೋಡೇಟಾ ನಿಮ್ಮ ಮುಂದಿದೆ ಎಂದುಕೊಳ್ಳಿ. ಲಾಹೋರಿನ ಗವರ್ನಮೆಂಟ್ ಕಾಲೇಜಿನಿಂದ ಇಂಗ್ಲಿಷ್ ಎಂ.ಎ. ಆಮೇಲೆ ಅಪ್ಪನ ಬಟ್ಟೆ ವ್ಯಾಪಾರ, ಬಿಟ್ಟಿದ್ದಾರೆ. ಲಾಹೋರಿನಲ್ಲಿ ಒಂದು ಪತ್ರಿಕೆ, ಮುಚ್ಚಿದೆ. ಶಾಂತಿನಿಕೇತನದಲ್ಲಿ ಮೇಷ್ಟರ ಕೆಲಸ, ಬಿಟ್ಟಿದ್ದಾರೆ. ಗಾಂಧೀಜಿಯ ಸೇವಾಗ್ರಾಮದಲ್ಲಿ ಪತ್ರಿಕೆಯ ಕೆಲಸ, ಅದನ್ನೂ ಬಿಟ್ಟಿದ್ದಾರೆ. ಲಂಡನ್ನಿನ ಬಿಬಿಸಿಯಲ್ಲಿ ಸುಮಾರು ನಾಲ್ಕು ವರ್ಷ ಉದ್ಘೋಷಕ, ರಾಜೀನಾಮೆ. ಬೊಂಬಾಯಿಯಲ್ಲಿ ನಾಟಕ, ಸಂಬಳವಿಲ್ಲ. ಒಂದಷ್ಟು ಸಿನಿಮಾ, ಹೆಚ್ಚಿನವು ಓಡಲಿಲ್ಲ. ಕೊನೆಯಲ್ಲಿ ಕೆಲವು ತಿಂಗಳು ಜೈಲು.

ಇಂಥ ಬಯೋಡೇಟಾ ಹಿಡಿದು ಇವತ್ತು ಸಂದರ್ಶನಕ್ಕೆ ಹೋದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಒಂದು ವರ್ಷ ಮನೆಯಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದ್ದಕ್ಕೇ ಮಧ್ಯದ ಆ ವರ್ಷ ಏನು ಮಾಡಿದಿರಿ ಎಂದು ಕೇಳುವವರಿದ್ದಾರೆ. ಆದರೆ ಇದು ಬಲರಾಜ್ ಸಾಹ್ನಿ ಅವರ ಮೊದಲ ಮೂವತ್ತೆಂಟು ವರ್ಷಗಳ ಲೆಕ್ಕ. ಭಾರತೀಯ ಸಿನಿಮಾದಲ್ಲಿ ಸಹಜ ಅಭಿನಯದ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರುಗಳಲ್ಲಿ ಅವರದೂ ಒಂದು.

ಅವರು ಹುಟ್ಟಿದ್ದು 1913ರ ಮೇ 1ರಂದು, ಈಗ ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯಲ್ಲಿ. ಮನೆಯಲ್ಲಿ ಇಟ್ಟ ಹೆಸರು ಯುಧಿಷ್ಠಿರ. ಆ ಹೆಸರು ಬಂಧುವೊಬ್ಬರ ನಾಲಿಗೆಗೆ ಹೊರಳದೆ ಬಲರಾಜ್ ಎಂದಾಯಿತು. ತಂದೆ ಹರಬನ್ಸ್ ಲಾಲ್ ಕಟ್ಟಾ ಆರ್ಯಸಮಾಜಿ, ಬಟ್ಟೆಯ ಕಮಿಷನ್ ಏಜೆಂಟ್. ಮಗ ಮೊದಲು ಗುರುಕುಲದಲ್ಲಿ ಸಂಸ್ಕೃತ ಕಲಿಯಲಿ, ಆಮೇಲೆ ವ್ಯಾಪಾರ ನೋಡಿಕೊಳ್ಳಲಿ ಎನ್ನುವುದು ಅವರ ಆಸೆ. ಮಗ ಲಾಹೋರಿಗೆ ಹೋಗಿ ಇಂಗ್ಲಿಷ್ ಸಾಹಿತ್ಯ ಓದಿ, ಸೂಟು ಹಾಕಿಕೊಂಡು, ಕಾಲೇಜು ನಾಟಕಗಳಲ್ಲಿ ಪಾತ್ರ ಮಾಡಿ ವಾಪಸಾದರು. ಅಪ್ಪನ ಮಾತಿಗೆ ಗೌರವ ಕೊಟ್ಟು ಸ್ವಲ್ಪ ಕಾಲ ಅಂಗಡಿಯಲ್ಲೂ ಕುಳಿತರು. 1936ರಲ್ಲಿ ದಮಯಂತಿ ಅವರೊಂದಿಗೆ ಮದುವೆಯಾಯಿತು. ಮರುವರ್ಷ ಗಂಡಹೆಂಡತಿ ಇಬ್ಬರೂ ಊರು ಬಿಟ್ಟರು. ಕೈಯಲ್ಲಿ ಕೆಲಸವಿಲ್ಲ, ಏನು ಮಾಡಬೇಕೆಂಬ ಸ್ಪಷ್ಟತೆಯೂ ಇಲ್ಲ. ಬರೆಯಬೇಕು ಎನ್ನುವ ಹಂಬಲವೊಂದು ಮಾತ್ರ ಇತ್ತು.

ಪತ್ರಿಕೆಯ ಸಾಹಸ ಕೈಕೊಟ್ಟ ಮೇಲೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಶಾಂತಿನಿಕೇತನ. ಅಲ್ಲಿ ಹಜಾರಿ ಪ್ರಸಾದ್ ದ್ವಿವೇದಿ ಅವರಂಥ ವಿದ್ವಾಂಸರಿದ್ದರು. ಬಲರಾಜ್ ಹಿಂದಿ ಪಾಠ ಮಾಡುತ್ತಿದ್ದರು, ದಮಯಂತಿ ಅಲ್ಲೇ ಬಿ.ಎ. ಓದುತ್ತಿದ್ದರು. ಅಲ್ಲಿ ನಡೆದ ಒಂದು ಸಣ್ಣ ಮಾತುಕತೆಯನ್ನು ಬಲರಾಜ್ ಜೀವನಪೂರ್ತಿ ಮರೆಯಲಿಲ್ಲ. ಪಾಠದ ಜೊತೆಗೆ ಇನ್ನೇನು ಮಾಡುತ್ತೀರಿ ಎಂದು ರವೀಂದ್ರನಾಥ ಠಾಕೂರರು ವಿಚಾರಿಸಿದರು. ಹಿಂದಿಯಲ್ಲಿ ಕತೆ ಬರೆಯುತ್ತೇನೆ ಎಂದು ಇವರು ಹೇಳಿದರು. ನಿಮ್ಮ ಮಾತೃಭಾಷೆ ಪಂಜಾಬಿ ಅಲ್ಲವೇ, ಅದರಲ್ಲೇಕೆ ಬರೆಯುವುದಿಲ್ಲ ಎಂದು ಠಾಕೂರರು ಕೇಳಿದಾಗ ಬಲರಾಜ್ ವಾದಕ್ಕೇ ಇಳಿದರು. ಪಂಜಾಬಿ ಒಂದು ಪ್ರಾಂತದ ಭಾಷೆ, ಹಿಂದಿಯಾದರೆ ದೇಶಕ್ಕೆಲ್ಲ ತಲುಪುತ್ತದೆ ಎನ್ನುವುದು ಆಗಿನ ಅವರ ಲೆಕ್ಕ. ತಾವು ಬರೆಯುವುದೂ ಒಂದು ಪ್ರಾಂತದ ಭಾಷೆಯಲ್ಲೇ ಎಂದು ಆ ಹಿರಿಯರು ನೆನಪಿಸಿದರು. ಸ್ವಂತ ಭಾಷೆಯನ್ನು ದೂರ ಇಟ್ಟವನನ್ನು ಕೊನೆಗೆ ಯಾರೂ ತಮ್ಮವನೆಂದು ಒಪ್ಪುವುದಿಲ್ಲ ಎಂಬ ಅರ್ಥದ ಮಾತನ್ನೂ ಆಡಿದರು. ಆಗ ಬಲರಾಜ್ ಅದನ್ನು ಒಪ್ಪಲಿಲ್ಲ. ಒಪ್ಪಲು ಅವರಿಗೆ ಹದಿನೈದು ವರ್ಷಕ್ಕೂ ಹೆಚ್ಚು ಬೇಕಾಯಿತು.

ಸೇವಾಗ್ರಾಮದಲ್ಲಿದ್ದಾಗ ಬಿಬಿಸಿಯಿಂದ ಕರೆ ಬಂತು. ಗಾಂಧೀಜಿಯ ಒಪ್ಪಿಗೆ ಪಡೆದೇ ಲಂಡನ್ನಿಗೆ ಹೊರಟರು. ಎರಡನೇ ಮಹಾಯುದ್ಧದ ವರ್ಷಗಳನ್ನು ಬಾಂಬು ಬೀಳುತ್ತಿದ್ದ ಆ ನಗರದಲ್ಲಿ, ಹಿಂದುಸ್ತಾನಿ ಪ್ರಸಾರದ ಮೈಕಿನ ಮುಂದೆ ಕಳೆದರು. ಧ್ವನಿಯನ್ನು ಹೇಗೆ ಬಳಸಬೇಕು, ಎಲ್ಲಿ ತಗ್ಗಿಸಬೇಕು, ಎಲ್ಲಿ ಸುಮ್ಮನಿರಬೇಕು ಎನ್ನುವುದನ್ನು ಕಲಿತದ್ದು ಅಲ್ಲಿ. ಸೋವಿಯತ್ ಸಿನಿಮಾಗಳ ಹುಚ್ಚು ಹಿಡಿದದ್ದೂ ಅಲ್ಲೇ. ಎಡಪಂಥದ ಕಡೆ ವಾಲಿಯೇ 1944ರಲ್ಲಿ ಭಾರತಕ್ಕೆ ಮರಳಿದರು.

ಸಿನಿಮಾಕ್ಕೆ ಕರೆದವರು ಹಳೆಯ ಗೆಳೆಯ ಚೇತನ್ ಆನಂದ್. ಬೊಂಬಾಯಿಗೆ ಬಂದರೆ ಆ ಚಿತ್ರವೇ ಮುಂದಕ್ಕೆ ಹೋಗುತ್ತಿತ್ತು. ಕಾದು ಕಾದು ಬೇಸತ್ತಾಗ ಸಿಕ್ಕಿದ್ದು ಇಪ್ಟಾ, ಅಂದರೆ ಭಾರತೀಯ ಜನನಾಟ್ಯ ಸಂಘ. ಖ್ವಾಜಾ ಅಹ್ಮದ್ ಅಬ್ಬಾಸ್ ಬರೆದ 'ಜುಬೇದಾ' ನಾಟಕವನ್ನು ಬಲರಾಜ್ ನಿರ್ದೇಶಿಸಿದರು. 1943ರ ಬಂಗಾಳದ ಬರಗಾಲವನ್ನು ಕುರಿತ 'ಧರ್ತಿ ಕೆ ಲಾಲ್' (1946) ಚಿತ್ರದಲ್ಲಿ ದಂಪತಿ ಇಬ್ಬರೂ ನಟಿಸಿದರು. ಒಳ್ಳೆಯ ಕೆಲಸದ ಸುಳಿವೇ ಕಾಣದೆ ಓಡಾಡುತ್ತಿದ್ದ ದೊಡ್ಡ ಮಗನನ್ನು ಮನೆಗೆ ಕರೆದುಕೊಂಡು ಬಾ ಎಂದು ಅಪ್ಪ ಚಿಕ್ಕ ಮಗನನ್ನು ಬೊಂಬಾಯಿಗೆ ಕಳಿಸಿದರು. ಅಣ್ಣನನ್ನು ಕರೆತರಲು ಬಂದ ತಮ್ಮನೂ ಇಪ್ಟಾ ಸೇರಿಬಿಟ್ಟ! ಆ ತಮ್ಮನೇ ಮುಂದೆ 'ತಮಸ್' ಕಾದಂಬರಿ ಬರೆದ ಭೀಷ್ಮ ಸಾಹ್ನಿ. ಅಪ್ಪನ ಸಂಕಟ ಎಷ್ಟಿದ್ದಿರಬಹುದು ಎಂದು ನೌಕರಿಯಿಲ್ಲದೆ ಮನೆಯಲ್ಲಿರುವ ಯಾರಿಗಾದರೂ ಅರ್ಥವಾದೀತು.

ಆ ದಿನಗಳಲ್ಲಿ ಬಲರಾಜ್‌ಗಿಂತ ದಮಯಂತಿಯವರಿಗೇ ಹೆಸರಿತ್ತು. ಪೃಥ್ವಿರಾಜ್ ಕಪೂರ್ ಅವರ ಪೃಥ್ವಿ ಥಿಯೇಟರ್ಸ್‌ನಲ್ಲಿ ಅವರು ಮುಖ್ಯ ನಟಿ, ಸಿನಿಮಾಗಳಲ್ಲೂ ಬೇಡಿಕೆ. 1947ರಲ್ಲಿ, ದೇಶ ವಿಭಜನೆಗೆ ಕೆಲವೇ ತಿಂಗಳ ಮೊದಲು, ಅವರು ಕಾಯಿಲೆಯಿಂದ ತೀರಿಕೊಂಡರು. ಮಕ್ಕಳಿನ್ನೂ ಚಿಕ್ಕವರು. ಅದೇ ವರ್ಷ ರಾವಲ್ಪಿಂಡಿ ಪರದೇಶವಾಯಿತು. ಮನೆ, ಅಂಗಡಿ, ಊರು ಎಲ್ಲವೂ ಆ ಕಡೆ ಉಳಿದವು. ಎರಡು ವರ್ಷದ ನಂತರ ಸಂತೋಷ್ ಅವರನ್ನು ಮದುವೆಯಾದರು. ಬದುಕು ಮತ್ತೆ ಒಂದು ಹದಕ್ಕೆ ಬರುವಷ್ಟರಲ್ಲಿ ಕಮ್ಯುನಿಸ್ಟರ ಮೆರವಣಿಗೆಯೊಂದರಲ್ಲಿ ಭಾಗವಹಿಸಿ ಬಂಧನಕ್ಕೊಳಗಾದರು. ಆಗ ದಿಲೀಪ್ ಕುಮಾರ್ ನಾಯಕರಾಗಿದ್ದ 'ಹಲ್‌ಚಲ್' ಚಿತ್ರದಲ್ಲಿ ಇವರಿಗೊಂದು ಪಾತ್ರವಿತ್ತು. ನಿರ್ಮಾಪಕ ಕೆ. ಆಸಿಫ್ ಅನುಮತಿ ಪಡೆದು ಚಿತ್ರೀಕರಣದ ದಿನ ಪೊಲೀಸ್ ಕಾವಲಿನಲ್ಲಿ ಇವರನ್ನು ಸ್ಟುಡಿಯೊಗೆ ಕರೆಸಿಕೊಳ್ಳುತ್ತಿದ್ದರು. ಹಗಲು ನಟನೆ, ರಾತ್ರಿ ಆರ್ಥರ್ ರೋಡ್ ಜೈಲು. ಚಿತ್ರದಲ್ಲಿ ಅವರ ಪಾತ್ರ ಯಾವುದು ಗೊತ್ತೇ? ಜೈಲರ್!

ಇಷ್ಟು ಹೊತ್ತಿಗೂ ಅವರು ಒಳ್ಳೆಯ ಸಿನಿಮಾ ನಟರಾಗಿರಲಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ತಮ್ಮ ಆತ್ಮಕಥೆಯಲ್ಲಿ ಅವರೇ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಕ್ಯಾಮೆರಾ ಮುಂದೆ ನಿಂತರೆ ಮೈ ಮರಗಟ್ಟುತ್ತಿತ್ತು, ನಾಲಿಗೆ ಒಣಗುತ್ತಿತ್ತು. ವೇದಿಕೆಯ ಮೇಲೆ ನಾಟಕ ಆಡಿಸಿದವರು, ಬಿಬಿಸಿಯಲ್ಲಿ ಮಾತನಾಡಿದವರು ಎಂಬುದು ಯಾವ ಉಪಯೋಗಕ್ಕೂ ಬರಲಿಲ್ಲ. 1951ರಲ್ಲಿ ಜಿಯಾ ಸರ್ಹದಿ ನಿರ್ದೇಶನದ 'ಹಮ್ ಲೋಗ್' ಗೆದ್ದ ಮೇಲೆ ಸ್ವಲ್ಪ ಧೈರ್ಯ ಬಂತು. ಅದೇ ವರ್ಷ ತೆರೆಕಂಡ, ಗುರುದತ್ ಅವರ ಮೊದಲ ಚಿತ್ರ 'ಬಾಜಿ'ಗೆ ಚಿತ್ರಕಥೆ ಬರೆದದ್ದು ಬಲರಾಜ್. ಬಸ್ಸಿನಲ್ಲಿ ಪ್ರಯಾಣಿಕರನ್ನು ನಗಿಸುತ್ತಾ ಟಿಕೆಟ್ ಕೊಡುತ್ತಿದ್ದ ಬದ್ರುದ್ದೀನ್ ಎಂಬ ಕಂಡಕ್ಟರನ್ನು ಗುರುದತ್‌ಗೆ ಪರಿಚಯಿಸಿದವರೂ ಇವರೇ. ಆ ಕಂಡಕ್ಟರ್ ಮುಂದೆ ಜಾನಿ ವಾಕರ್ ಎಂದು ಪ್ರಸಿದ್ಧರಾದರು. ಎದುರಿಗಿದ್ದವನ ನಡೆನುಡಿಯನ್ನು ಗಮನಿಸುವ ಕಣ್ಣು ಅವರಿಗೆ ಮೊದಲಿನಿಂದಲೂ ಇತ್ತು ಎನ್ನಲು ಇದೂ ಒಂದು ಸಾಕ್ಷಿ.

ಆಗ ಬಂತು 'ದೋ ಬಿಘಾ ಜಮೀನ್'. ಎರಡು ಬಿಘಾ ಎಂದರೆ ಬಂಗಾಳದ ಲೆಕ್ಕದಲ್ಲಿ ನಮ್ಮ ಸುಮಾರು 26 ಗುಂಟೆ. ಅಷ್ಟು ನೆಲದ ಒಡೆಯ ಶಂಭು ಮಹತೋ. ಅವನ ಜಮೀನು ಕಾರ್ಖಾನೆಗೆ ಬೇಕೆಂದು ಜಮೀನುದಾರ ಹಳೆಯ ಸಾಲದ ಲೆಕ್ಕ ತೆಗೆಯುತ್ತಾನೆ. ಶಂಭುವಿನ ಲೆಕ್ಕದಲ್ಲಿ 65 ರೂಪಾಯಿ ಇದ್ದ ಸಾಲ ಕೋರ್ಟಿನಲ್ಲಿ 235 ರೂಪಾಯಿ ಆಗುತ್ತದೆ. ಮೂರು ತಿಂಗಳ ಗಡುವು. ಹಣ ಗಳಿಸಲು ಮಗನ ಜೊತೆ ಕಲ್ಕತ್ತಕ್ಕೆ ಹೋಗಿ ರಿಕ್ಷಾ ಎಳೆಯುತ್ತಾನೆ. ಸಲೀಲ್ ಚೌಧರಿ ಬರೆದ ಕತೆ, ಬಿಮಲ್ ರಾಯ್ ನಿರ್ದೇಶನ.

ಪಾತ್ರಕ್ಕಾಗಿ ಭೇಟಿಯಾಗಲು ಬಂದ ಬಲರಾಜ್ ಅವರನ್ನು ನೋಡಿ ಬಿಮಲ್ ರಾಯ್‌ಗೆ ನಿರಾಸೆಯಾಯಿತಂತೆ. ಸೂಟು, ಬಿಳಿ ಮೈಬಣ್ಣ, ಲಂಡನ್ನಿನ ಗತ್ತು. ಇವರನ್ನು ಹೇಗೆ ಬಿಹಾರದ ಬಡ ರೈತನೆಂದು ತೋರಿಸುವುದು? 'ಧರ್ತಿ ಕೆ ಲಾಲ್' ನೋಡಿ ಎಂದು ಬಲರಾಜ್ ಕೇಳಿಕೊಂಡರು. ಪಾತ್ರ ಸಿಕ್ಕಿತು, ಭಯ ಶುರುವಾಯಿತು. ಬೊಂಬಾಯಿಯ ಜೋಗೇಶ್ವರಿಯಲ್ಲಿ ಉತ್ತರದ ರಾಜ್ಯಗಳಿಂದ ಬಂದು ಎಮ್ಮೆ ಸಾಕಿಕೊಂಡು ಹಾಲು ಮಾರುವವರ ಬಡಾವಣೆಯೊಂದಿತ್ತು. ಬಲರಾಜ್ ಅಲ್ಲಿಗೆ ಹೋಗಿ ಅವರು ಹೇಗೆ ಕೂರುತ್ತಾರೆ, ಹೇಗೆ ಉಣ್ಣುತ್ತಾರೆ, ತಲೆಗೆ ವಸ್ತ್ರ ಹೇಗೆ ಸುತ್ತುತ್ತಾರೆ, ಹೇಗೆ ನಡೆಯುತ್ತಾರೆ ಎಂದು ನೋಡುತ್ತಿದ್ದರು. ವಿದ್ಯಾರ್ಥಿ ನೋಟ್ಸ್ ಮಾಡಿಕೊಂಡ ಹಾಗೆ.

ಆದರೂ ಕಲ್ಕತ್ತದ ರಸ್ತೆಯಲ್ಲಿ ಬರಿಗಾಲಲ್ಲಿ ರಿಕ್ಷಾ ಹಿಡಿದಾಗ ಆ ನೋಟ್ಸ್ ಸಾಲಲಿಲ್ಲ. ಮೈ ಸೋತಿತು, ಮನಸ್ಸೂ ಸೋತಿತು. ಈ ಪಾತ್ರ ತನ್ನಿಂದಾಗದು, ಒಪ್ಪಿಕೊಂಡು ತಪ್ಪು ಮಾಡಿದೆ ಎಂದುಕೊಂಡು ಒಂದು ಕಡೆ ಕುಸಿದು ಕೂತಿದ್ದರು. ಆಗ ನಡುವಯಸ್ಸಿನ ಒಬ್ಬ ರಿಕ್ಷಾ ಎಳೆಯುವವನು ಹತ್ತಿರ ಬಂದು ಇಲ್ಲಿ ಏನು ನಡೆಯುತ್ತಿದೆ ಎಂದು ವಿಚಾರಿಸಿದ. ಬಲರಾಜ್ ಸಿನಿಮಾದ ಕತೆಯನ್ನು ಹೇಳಿದರು. ಕೇಳುತ್ತಾ ಕೇಳುತ್ತಾ ಆತನ ಕಣ್ಣಲ್ಲಿ ನೀರು. ಇದು ನನ್ನದೇ ಕತೆ ಎಂದ. ಅವನದೂ ಎರಡು ಬಿಘಾ ಜಮೀನು, ಬಿಹಾರದ ಹಳ್ಳಿಯಲ್ಲಿ ಜಮೀನುದಾರನ ಬಳಿ ಅಡವಿಟ್ಟದ್ದು. ಬಿಡಿಸಿಕೊಳ್ಳಲೆಂದು ಹದಿನೈದು ವರ್ಷಗಳಿಂದ ರಿಕ್ಷಾ ಎಳೆಯುತ್ತಿದ್ದಾನೆ. ಬಿಡಿಸಿಕೊಳ್ಳುವ ಆಸೆಯೂ ಈಗ ಉಳಿದಿಲ್ಲ.

ಅಭಿನಯದ ಬಗ್ಗೆ ಓದಿದ ಪುಸ್ತಕಗಳನ್ನೆಲ್ಲ ಆ ಕ್ಷಣ ಬದಿಗಿಟ್ಟೆ ಎಂದು ಬಲರಾಜ್ ಬರೆದಿದ್ದಾರೆ. ಅಲ್ಲಿಂದ ಮುಂದೆ ಅವರು ಶಂಭುವನ್ನು ಊಹಿಸಿಕೊಳ್ಳಲು ಹೋಗಲಿಲ್ಲ. ಆ ಮನುಷ್ಯನನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ರಿಕ್ಷಾ ಎಳೆದರು. ಅದೇ ವೇಷದಲ್ಲಿ ಒಂದು ಅಂಗಡಿಗೆ ಹೋಗಿ ಸಿಗರೇಟು ಕೇಳಿದಾಗ ಅಂಗಡಿಯವನು ಗದರಿದನಂತೆ. ಇವರು ಕೊಟ್ಟ ನೋಟನ್ನು ಅನುಮಾನದಿಂದ ತಿರುಗಿಸಿ ನೋಡಿದನಂತೆ. ಎಂ.ಎ. ಪದವಿ, ಬಿಬಿಸಿ ಅನುಭವ ಯಾವುದೂ ಹಣೆಯ ಮೇಲೆ ಬರೆದಿರುವುದಿಲ್ಲವಲ್ಲ.

ಚಿತ್ರದ ಕೊನೆಯಲ್ಲಿ ಜಮೀನು ಹೋಗಿದೆ, ಅಲ್ಲಿ ಕಾರ್ಖಾನೆ ಎದ್ದಿದೆ. ಶಂಭು ಬೇಲಿಯಾಚೆಯಿಂದ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಳ್ಳುತ್ತಾನೆ. ಕಾವಲುಗಾರ ಕದ್ದದ್ದೇನು ಎಂದು ಗದರಿಸುತ್ತಾನೆ. ಕೈಯಿಂದ ಮಣ್ಣು ಉದುರುತ್ತದೆ. ಈ ದೃಶ್ಯದಲ್ಲಿ ಬಲರಾಜ್ ಅಳುವುದಿಲ್ಲ, ಕೂಗುವುದಿಲ್ಲ. ಕೈಗಾರಿಕೆಗೆ ಭೂಸ್ವಾಧೀನವಾದ ಊರುಗಳಿಂದ ಬಂದ ಗೆಳೆಯರು ನಿಮ್ಮ ತರಗತಿಯಲ್ಲೂ ಇದ್ದಾರು, ಅವರೊಂದಿಗೆ ಕೂತು ಇದನ್ನು ನೋಡಬೇಕು. 1953ರಲ್ಲಿ ಬಂದ ಈ ಚಿತ್ರಕ್ಕೆ ಮೊದಲ ಫಿಲ್ಮ್‌ಫೇರ್ ಪ್ರಶಸ್ತಿ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರದ ಗೌರವ ಸಿಕ್ಕಿತು. ಮರುವರ್ಷ ಕಾನ್ ಚಿತ್ರೋತ್ಸವದಲ್ಲೂ ಪ್ರಶಸ್ತಿ ಬಂತು. ಬಲರಾಜ್‌ಗೆ ಆಗ ನಲವತ್ತು.

ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ಅವರು ಮಾಡದ ಪಾತ್ರ ಕಡಿಮೆ. 'ಗರಂ ಕೋಟ್'ನಲ್ಲಿ ಹರಿದ ಕೋಟಿನ ಬಡ ಗುಮಾಸ್ತ. 'ಅನುರಾಧಾ'ದಲ್ಲಿ ಹಳ್ಳಿಯ ರೋಗಿಗಳ ನಡುವೆ ಹೆಂಡತಿಯ ಹಾಡನ್ನೇ ಮರೆತ ವೈದ್ಯ. 'ಹಕೀಕತ್'ನಲ್ಲಿ ಲಡಾಖಿನ ಸೇನಾಧಿಕಾರಿ. ಠಾಕೂರರ ಕತೆಯನ್ನು ಆಧರಿಸಿದ 'ಕಾಬೂಲಿವಾಲಾ'ದಲ್ಲಿ (1961) ದೂರದ ಊರಿನಲ್ಲಿ ಬಿಟ್ಟುಬಂದ ಮಗಳನ್ನು ಕಲ್ಕತ್ತದ ಪುಟ್ಟ ಹುಡುಗಿಯಲ್ಲಿ ಕಾಣುವ ಪಠಾಣ. ರಾವಲ್ಪಿಂಡಿಯಲ್ಲಿ ಬೆಳೆದವರಿಗೆ ಪಠಾಣರು ಹೊಸಬರಲ್ಲ, ಊರು ಕಳೆದುಕೊಂಡ ನೋವೂ ಹೊಸದಲ್ಲ. 'ವಕ್ತ್'ನಲ್ಲಿ (1965) ಶ್ರೀಮಂತಿಕೆಯ ಅಮಲಿನ ವ್ಯಾಪಾರಿ, ಒಂದೇ ಭೂಕಂಪದಲ್ಲಿ ಹೆಂಡತಿ ಮಕ್ಕಳಿಂದ ದೂರವಾಗುವವನು. ಆ ಚಿತ್ರದಲ್ಲಿ ಅವರು ಹೆಂಡತಿಯನ್ನು ನೋಡಿ ಹಾಡುವ ಹಾಡು ಇಂದಿಗೂ ಮದುವೆಮನೆಗಳಲ್ಲಿ ಕೇಳಿಬರುತ್ತದೆ. ಎಲ್ಲವೂ ಒಳ್ಳೆಯ ಚಿತ್ರಗಳೆಂದು ನಾನು ಹೇಳಲಾರೆ. ಅರವತ್ತರ ದಶಕದ ಕೊನೆಗೆ ಗೌರವಸ್ಥ ಅಪ್ಪ, ದೊಡ್ಡಣ್ಣನ ಪಾತ್ರಗಳೇ ಸಾಲುಸಾಲಾಗಿ ಬಂದವು. ಸಂಸಾರ ನಡೆಯಬೇಕಲ್ಲ, ಮಾಡಿದರು. ಆದರೆ ಅಂಥ ಚಿತ್ರಗಳಲ್ಲೂ ಅವರು ಬಂದ ಕೂಡಲೇ ದೃಶ್ಯದ ಗದ್ದಲ ತಗ್ಗುವುದು ಗಮನಕ್ಕೆ ಬರುತ್ತದೆ.

ಈ ನಡುವೆ ಶಾಂತಿನಿಕೇತನದ ಆ ಮಾತು ಒಳಗೊಳಗೇ ಕೆಲಸ ಮಾಡಿತ್ತು. ಬಲರಾಜ್ ಗುರುಮುಖಿ ಲಿಪಿಯನ್ನು ಕೂತು ಕಲಿತು ಪಂಜಾಬಿಯಲ್ಲಿ ಬರೆಯತೊಡಗಿದರು. ಗುರುಮುಖಿ ಟೈಪ್‌ರೈಟರನ್ನು ಚಿತ್ರೀಕರಣದ ಜಾಗಕ್ಕೂ ಒಯ್ಯುತ್ತಿದ್ದರು. ಲೈಟ್ ಹೊಂದಿಸುವಷ್ಟರಲ್ಲಿ ಒಂದು ಪುಟ ಮುಗಿಯುತ್ತಿತ್ತು. ಹುಟ್ಟೂರನ್ನು ನೋಡಿಬಂದು ಬರೆದ ಪಾಕಿಸ್ತಾನ ಪ್ರವಾಸಕಥನ, ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಪಡೆದ ರಷ್ಯಾ ಪ್ರವಾಸಕಥನ, ಸಿನಿಮಾ ಆತ್ಮಕಥೆ ಎಲ್ಲ ಹೀಗೆ ಬಂದವು. 1969ರಲ್ಲಿ ಪದ್ಮಶ್ರೀ ಬಂತು. 1972ರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಘಟಿಕೋತ್ಸವ ಭಾಷಣಕ್ಕೆ ಕರೆದಾಗ ಅವರು ಪದವೀಧರರ ಮುಂದೆ ಠಾಕೂರರ ಆ ಪ್ರಸಂಗವನ್ನೇ ಹೇಳಿದರು. ಇಂಗ್ಲಿಷ್ ಓದಿದ ನಾವು ಸ್ವಂತ ಬುದ್ಧಿಯಿಂದ ಯೋಚಿಸದೆ ಇನ್ನೊಬ್ಬರು ಮೆಚ್ಚಲಿ ಎಂದು ಕಾಯುತ್ತಿದ್ದೇವೆ ಎನ್ನುವುದು ಆ ಭಾಷಣದ ತಿರುಳು. ಅದನ್ನೂ ಅವರು ಹೇಳಿದ್ದು ಇಂಗ್ಲಿಷಿನಲ್ಲೇ ಎನ್ನುವುದು ಬೇರೆ ಮಾತು.

ಅದೇ ಸುಮಾರಿನಲ್ಲಿ ಒಂದು ಸಣ್ಣ ಚಿತ್ರತಂಡ ಅವರ ಬಳಿ ಬಂತು. ನಿರ್ದೇಶಕ ನಮ್ಮ ಮೈಸೂರಿನ ಎಂ.ಎಸ್. ಸತ್ಯು. ಇಪ್ಟಾದ ಒಡನಾಟ ಇಬ್ಬರಿಗೂ ಇತ್ತು. ಇಸ್ಮತ್ ಚುಗ್ತಾಯಿ ಕತೆಯನ್ನು ಆಧರಿಸಿ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಬರೆದ 'ಗರಂ ಹವಾ'. ಬಂಡವಾಳ ಎಂದರೆ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನ ಸಾಲ. ಆಗ್ರಾದಲ್ಲಿ ಚಿತ್ರೀಕರಣಕ್ಕೆ ಅಡ್ಡಿ ಬಂದಾಗ ಜನರನ್ನು ಬೇರೆಡೆ ಸೆಳೆಯಲು ರೀಲಿಲ್ಲದ ಕ್ಯಾಮೆರಾದೊಂದಿಗೆ ಇನ್ನೊಂದು ತಂಡವನ್ನು ಸುಮ್ಮನೆ ಕಳಿಸಬೇಕಾಯಿತು.

ಬಲರಾಜ್ ಅವರದು ಸಲೀಂ ಮಿರ್ಜಾ ಎಂಬ ಚಪ್ಪಲಿ ತಯಾರಕನ ಪಾತ್ರ. ವಿಭಜನೆಯಾಗಿದೆ, ಬಂಧುಗಳು ಒಬ್ಬೊಬ್ಬರಾಗಿ ಪಾಕಿಸ್ತಾನಕ್ಕೆ ಹೊರಟಿದ್ದಾರೆ, ಈತ ಆಗ್ರಾ ಬಿಡಲು ಒಪ್ಪುವುದಿಲ್ಲ. ಬ್ಯಾಂಕು ಸಾಲ ಕೊಡುವುದಿಲ್ಲ, ಮನೆ ಕೈತಪ್ಪುತ್ತದೆ. ವಿಭಜನೆಯಲ್ಲಿ ಆ ಕಡೆಯಿಂದ ಊರು ಬಿಟ್ಟು ಬಂದವರು ಈ ಕಡೆಯಲ್ಲಿ ಊರು ಬಿಡಲೊಲ್ಲದವನಾಗಿ ನಟಿಸಿದರು. ಇನ್ನೊಂದು ಕಷ್ಟವೂ ಇತ್ತು. 1972ರಲ್ಲಿ ಬಲರಾಜ್ ತಮ್ಮ ಮಗಳು ಶಬನಮ್ ಅವರನ್ನು ಕಳೆದುಕೊಂಡಿದ್ದರು. ಚಿತ್ರದಲ್ಲಿ ಸಲೀಂ ಮಿರ್ಜಾನ ಮಗಳು ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಅಪ್ಪ ಬಂದು ನೋಡುತ್ತಾನೆ. ಆ ದೃಶ್ಯದಲ್ಲಿ ಅವರಿಗೆ ಮಾತಿಲ್ಲ, ಕಣ್ಣೀರೂ ಇಲ್ಲ. ನೋಡುವವರಿಗೆ ಸಾಕುಬೇಕಾಗುತ್ತದೆ.

ಸಲೀಂ ಮಿರ್ಜಾನ ಕಿರಿಯ ಮಗ ಸಿಕಂದರ್ ಪದವಿ ಮುಗಿಸಿ ಕೆಲಸಕ್ಕಾಗಿ ಅಲೆಯುತ್ತಾನೆ, ಸಂದರ್ಶನದಿಂದ ಸಂದರ್ಶನಕ್ಕೆ. ಆ ಪಾತ್ರದಲ್ಲಿ ಫಾರೂಕ್ ಶೇಖ್, ಅದು ಅವರ ಮೊದಲ ಚಿತ್ರ. ಕೊನೆಗೆ ಸಲೀಂ ಮಿರ್ಜಾ ಸೋತು ಹೆಂಡತಿ ಮಗನೊಂದಿಗೆ ಟಾಂಗಾ ಹತ್ತಿ ರೈಲು ನಿಲ್ದಾಣಕ್ಕೆ ಹೊರಡುತ್ತಾನೆ. ದಾರಿಯಲ್ಲಿ ಕೆಲಸ ಕೊಡಿ ಎಂದು ಕೇಳುವ ಯುವಕರ ಮೆರವಣಿಗೆ ಎದುರಾಗುತ್ತದೆ. ಮಗ ಇಳಿದು ಅದರಲ್ಲಿ ಸೇರುತ್ತಾನೆ. ಅಪ್ಪ ಸ್ವಲ್ಪ ಹೊತ್ತು ನೋಡಿ, ಮನೆಯ ಬೀಗದ ಕೈ ಕೊಟ್ಟು ಹೆಂಡತಿಯನ್ನು ವಾಪಸು ಕಳಿಸಿ, ತಾನೂ ಆ ಗುಂಪಿನೊಳಗೆ ನಡೆಯುತ್ತಾನೆ.

ಈ ಚಿತ್ರದ ತಮ್ಮ ಮಾತುಗಳ ಡಬ್ಬಿಂಗ್ ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು, ಬಲರಾಜ್ ಸಾಹ್ನಿ ಹೃದಯಾಘಾತದಿಂದ ತೀರಿಕೊಂಡರು. ಅರವತ್ತು ತುಂಬಲು ಇನ್ನೂ ಹದಿನೆಂಟು ದಿನಗಳಿದ್ದವು. ಕೋಮು ಗಲಭೆಗೆ ಕಾರಣವಾದೀತು ಎಂಬ ಭಯದಿಂದ ಸೆನ್ಸಾರ್ ಮಂಡಳಿ ಚಿತ್ರವನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. ಸತ್ಯು ಅವರು ಅಧಿಕಾರಿಗಳಿಗೆ, ರಾಜಕಾರಣಿಗಳಿಗೆ, ಪತ್ರಕರ್ತರಿಗೆ ತೋರಿಸಿ ತೋರಿಸಿ ಕೊನೆಗೆ ಒಪ್ಪಿಗೆ ಪಡೆದರು. ದೇಶದಲ್ಲಿ 'ಗರಂ ಹವಾ' ಮೊದಲು ತೆರೆಕಂಡದ್ದು ನಮ್ಮ ಬೆಂಗಳೂರಿನಲ್ಲೇ, ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಯಾವ ಗಲಭೆಯೂ ಆಗಲಿಲ್ಲ. ಇಲ್ಲಿ ಜನ ಮೆಚ್ಚಿದ ಮೇಲೆ ಬೇರೆ ಊರುಗಳಲ್ಲೂ ಚಿತ್ರಕ್ಕೆ ದಾರಿಯಾಯಿತು.